ಮೂರೋ ನಾಲ್ಕೋ

ವೈ.ಎನ್.ಹೊಸಕೋಟೆಯ ದೊಡ್ಡಹನುಮಯ್ಯನವರ ಫೋನು ಬಂದಾಗ ಮುತ್ತುರಾಜು ಹೆಡ್‌ಫೋನಿನಲ್ಲಿ ಅಮೆರಿಕದ ಯಾರೋ ಮುದುಕಿಯ ಉಸಿರೊಂದನ್ನು ಮೂರನೆಯ ಸಲ ಕೇಳುತ್ತಿದ್ದ. ಅದು ದುಃಖದ ನಿಟ್ಟುಸಿರೋ, ಸದ್ಯ ಮುಗಿಯಿತಲ್ಲ ಎಂಬ ನಿರಾಳವೋ, ಬರೀ ಮೆಟ್ಟಿಲು ಹತ್ತಿದ ಆಯಾಸವೋ ತೀರ್ಮಾನವಾಗಿರಲಿಲ್ಲ. ಒಂದು ಕಿವಿಯ ಹೆಡ್‌ಫೋನು ಸರಿಸಿ ಅಲ್ಲಿಗೆ ಫೋನು ಹಿಡಿದ. ‘ಏನಪ್ಪಾ ಮುತ್ತುರಾಜಪ್ಪಾ, ಸೋದರಮಾವ ನೀನೇ ಹೂಂ ಅಂದಮ್ಯಾಲೆ ಇನ್ನೇನೈತೆ? ಸಾಯಂಕಾಲ ನಾಕ್ ಗಂಟೆಗೆ ಎಲೆಅಡಿಕೆ ತಟ್ಟೆ ತಕ್ಕಂಡು ಬಂದ್ಬುಡ್ತೀವಿ. ಸರೇನಾ?’ ‘ಹೂಂ’ ಎಂದ ಮುತ್ತುರಾಜು. ‘ಹುಡ್ಗಿ ಇನ್ನು ಶಿರಾಕ್ಕೆ ಬಸ್ ಹತ್ತಾದು ಬ್ಯಾಡ. ಓದಿದ್ದು ಸಾಕು, ನಮ್ಮನೇಲಿ ಉಣ್ಣಾಕೆ ಉಡಾಕೆ ಏನೂ ಕೊರತೆ ಇಲ್ಲ.’ ‘ಹೂಂ.’ ‘ತಟ್ಟೆ ಮೊದ್ಲು ನಿನ್ ಕೈಗೇ ಕೊಡಾದು. ನಮ್ಮಲ್ಲೂ ಅದೇ ಪದ್ಧತಿ, ನಿಮ್ಮಲ್ಲೂ ಅದೇ.’ ‘ಹೂಂ, ಹೂಂ.’ ಫೋನು ಕೆಳಗಿಟ್ಟು, ಮುದುಕಿಯ ಉಸಿರಿಗೆ ‘ನಿರಾಳ’ ಎಂದು ಗುರುತು ಹಾಕಿ, ಮುಂದಿನ ತುಣುಕಿಗೆ ಹೋಗುವ ಹೊತ್ತಿಗೆ ಆ ಮಾತುಗಳು ಒಂದೊಂದಾಗಿ ಅವನ ಒಳಗೆ ಬಂದು ಕೂತವು. ಎಲೆಅಡಿಕೆ. ತಟ್ಟೆ. ನಾಲ್ಕು ಗಂಟೆ. ನೀನೇ ಹೂಂ ಅಂದಮೇಲೆ. ಯಾವಾಗ ಅಂದೆ?

ನೆನ್ನೆ. ನೆನ್ನೆ ಮಧ್ಯಾಹ್ನ ಅಕ್ಕ ರಾಧಾಮಣಿ ಫೋನು ಮಾಡಿದ್ದಳು. ದಿನವೂ ಮಾಡುತ್ತಾಳೆ. ಭಾವ ತೀರಿಕೊಂಡ ಮೇಲೆ, ಎರಡು ವರ್ಷದಿಂದ, ಒಂದೂವರೆಗೆ ಸರಿಯಾಗಿ ನಿಡುಗಲ್ಲಿನ ಆ ಮನೆಯ ಜಗಲಿಯಲ್ಲಿ ಕಡ್ಲೆಕಾಯಿ ಸುಲಿಯುತ್ತಲೋ ರಾಗಿ ಕೇರುತ್ತಲೋ ಅವಳು ಮಾತಾಡುತ್ತಾಳೆ, ಮಧುಗಿರಿಯ ಈ ಗೊಬ್ಬರದಂಗಡಿಯ ಮೇಲಿನ ಆಫೀಸಿನಲ್ಲಿ ಮುತ್ತುರಾಜು ಒಂದು ಕಿವಿಗೆ ಅವಳನ್ನು, ಇನ್ನೊಂದು ಕಿವಿಗೆ ಇಂಗ್ಲಿಷನ್ನು ಇಟ್ಟುಕೊಂಡು ಹೂಂಗುಟ್ಟುತ್ತಾನೆ. ಮೊದಮೊದಲು ಕೇಳಿಸಿಕೊಳ್ಳುತ್ತಿದ್ದ. ಭಾವನ ಎದೆನೋವು, ಆಂಬುಲೆನ್ಸು ಪಾವಗಡ ದಾಟುವಷ್ಟರಲ್ಲಿ ಆದದ್ದು, ಅದನ್ನೇ ಅವಳು ನಲವತ್ತು ದಿನ ಹೇಳಿದಳು, ನಲವತ್ತು ದಿನವೂ ಅವನು ಕೇಳಿದ. ನಲವತ್ತೊಂದನೆಯ ದಿನವೋ ಐವತ್ತನೆಯ ದಿನವೋ, ಅವನಿಗೇ ತಿಳಿಯದೆ, ಕಿವಿ ಎದ್ದು ಹೋಗಿ ಹೂಂ ಮಾತ್ರ ಅಲ್ಲಿ ಉಳಿದುಕೊಂಡಿತು. ಅವಳ ಮಾತಿನ ಏರಿಳಿತ ಅದಕ್ಕೆ ಗೊತ್ತಿತ್ತು. ಎಲ್ಲಿ ಅವಳು ಉಸಿರು ತೆಗೆದುಕೊಳ್ಳುತ್ತಾಳೋ ಅಲ್ಲಿ ಒಂದು ಹೂಂ, ಎಲ್ಲಿ ದನಿ ಕುಸಿಯುತ್ತದೋ ಅಲ್ಲಿ ಸ್ವಲ್ಪ ಉದ್ದದ್ದು.

ನಗು ಬರಬೇಕಾದ ಸಂಗತಿಯೆಂದರೆ ಅವನ ಕಸುಬೇ ಇದು. ಎಲ್ಲಿಯೋ ಯಾರೋ ಯಂತ್ರಕ್ಕೆ ಮಾತು ಕಲಿಸುತ್ತಿದ್ದರು. ಶಬ್ದಕೋಶದಲ್ಲಿರುವುದನ್ನೆಲ್ಲ ಅದು ಆಗಲೇ ಕಲಿತಾಗಿತ್ತು. ಉಳಿದದ್ದು ಶಬ್ದಕೋಶಕ್ಕೆ ಹೊರತಾದ ಸದ್ದುಗಳು. ಫೋನಿನಲ್ಲಿ ಮಾತಾಡುವ ಇಂಗ್ಲಿಷಿನವರ ಬಾಯಿಂದ ಮಾತಿನ ಸಂದಿಯಲ್ಲಿ ಉದುರುವ ಊಪ್ಸ್, ಔಚ್, ಅಗ್, ಫ್ಯೂ, ನಮ್ಮ ಹೂಂನಂಥ ಅಹ್ಹಹ್. ಒಂದೊಂದಕ್ಕೂ ಒಂದು ನಂಬರು. ಒಂದು ನೋವು, ಎರಡು ಅಸಹ್ಯ. ಮೂರು, ‘ಕೇಳುತ್ತಿದ್ದೇನೆ’. ನಾಲ್ಕು, ‘ಒಪ್ಪಿದ್ದೇನೆ’. ಹೊಸಬರಿಗೆ ಎಲ್ಲಕ್ಕಿಂತ ಕಷ್ಟವಾಗುತ್ತಿದ್ದದ್ದು ಮೂರಕ್ಕೂ ನಾಲ್ಕಕ್ಕೂ ಇರುವ ವ್ಯತ್ಯಾಸ. ಅದನ್ನು ಬೋರ್ಡಿನ ಮೇಲೆ ಬರೆದು ತಿಳಿಸುತ್ತಿದ್ದವನು ಮುತ್ತುರಾಜುವೇ. ‘ನೋಡ್ರಪ್ಪಾ, ಅಹ್ಹಹ್ ಅಂದ್ ತಕ್ಷಣ ಆವಯ್ಯ ಒಪ್ಕಂಡ ಅಂತ ಬರೀಬ್ಯಾಡ್ರಿ. ಮಾತು ಮುಂದ್ಕೆ ಹೋಗ್ಲಿ ಅಂತ ಅಂದಿರ್ತಾನೆ ಅಷ್ಟೆ.’ ಈಗ ರಜೆ ಕೇಳಲು ಎದ್ದು ಹೋದರೆ, ಅವನಿಗಿಂತ ಆರು ವರ್ಷ ಚಿಕ್ಕವನಾದ ಸೂಪರ್‌ವೈಸರ್ ಕಿರಣ್ ಕುಮಾರ್ ಕಂಪ್ಯೂಟರಿನಿಂದ ತಲೆಯೆತ್ತದೆ, ‘ಅರ್ಧ ದಿನ ತಗೊಳ್ಳಿ ಸಾರ್. ಆದ್ರೆ ಈ ವಾರ ನಿಮ್ದು ಮೂರು ನಾಕು ಪೂರ್ತಿ ಕಲಸೋಗೈತೆ, ನೋಡ್ಕಂಡ್ರಾ? ಟ್ರೈನಿಂಗ್ ಕೊಡೋರೇ ಇಂಗಾದ್ರೆ ಹೆಂಗೆ’ ಎಂದವನು, ಕೈಗೆ ಟೀ ಲೋಟ ತಗುಲಿ ಚೆಲ್ಲಿದ್ದಕ್ಕೆ ‘ಊಪ್ಸ್’ ಅಂದ. ಚೆನ್ನಾಗಿಯೇ ಅಂದ. ಮುತ್ತುರಾಜುವಿಗೆ ಐದು ವರ್ಷದಿಂದ ಊಪ್ಸ್ ಕೇಳಿಯೂ ತನ್ನ ಕೈಯಿಂದ ಏನಾದರೂ ಬಿದ್ದರೆ ಬಾಯಿಗೆ ಬರುವುದು ‘ಅಯ್ಯಯ್ಯೋ’.

ಪಾವಗಡದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಪಕ್ಕದಲ್ಲಿ ಒಬ್ಬ ಅಜ್ಜಿ ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು ತೆಲುಗು ಬೆರೆಸಿ ಏನೋ ಹೇಳತೊಡಗಿದಳು. ಅವನು ಬೆಟ್ಟ ಹಿಂದಾಗುವುದನ್ನು ನೋಡುತ್ತ, ಅಕ್ಕನ ಮಗಳು ಮಧುಶ್ರೀಗೆ ತಾನು ಏನಂದಿದ್ದೆ ಎಂದು ನೆನಪಿಸಿಕೊಳ್ಳುತ್ತಿದ್ದ. ಹೋದ ತಿಂಗಳು ಶಿರಾ ಬಸ್‌ಸ್ಟ್ಯಾಂಡಿನಲ್ಲಿ, ಕಬ್ಬಿನ ಹಾಲಿನ ಗಾಡಿಯ ಮುಂದೆ. ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಇನ್ನೊಂದು ವರ್ಷವಿತ್ತು ಅವಳಿಗೆ. ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ಹೇಗೆ ಎಳೆಯಬೇಕೆಂದು ಲೋಟದ ಹೊರಗಿನ ನೀರಿನಲ್ಲಿ ಬೆರಳಿಟ್ಟು ತೋರಿಸಿದ್ದಳು. ಆಮೇಲೆ, ‘ಮಾವ, ವೈ.ಎನ್.ಹೊಸಕೋಟೆಯೋರು ಬಂದು ನೋಡ್ಕಂಡು ಹೋದ್ರು. ಹುಡ್ಗ ಕೆಟ್ಟೋನಲ್ಲ. ಆದ್ರೆ ಓದಿಸಾಕಿಲ್ಲಂತೆ. ನೀನು ಹೂಂ ಅನ್ನೋಗಂಟ ಅಮ್ಮ ಏನೂ ಮಾಡಾಕಾಗಲ್ಲ’ ಎಂದಿದ್ದಳು. ಅವನು ಏನಂದ? ‘ನಾನಿಲ್ವಾ’ ಅಂದನೋ, ‘ನೋಡಾನ ಬುಡು’ ಅಂದನೋ, ಅಥವಾ ಅಲ್ಲಿಯೂ ಕಬ್ಬಿನ ಗಾಡಿಯ ಗೆಜ್ಜೆಯ ಸದ್ದಿಗೆ ಹೂಂ ಅಂದಿದ್ದನೋ. ಅವಳು ಸಮಾಧಾನದಿಂದ ಬಸ್ಸು ಹತ್ತಿದ್ದಂತೂ ಹೌದು, ಬಸ್ಸಿನಿಂದ ಕೈಬೀಸಿದ್ದಂತೂ ಹೌದು. ‘ಏಳು ನಾಯ್ನಾ’ ಎಂದಳು ಪಕ್ಕದ ಅಜ್ಜಿ. ಅವನು ಗಾಬರಿಯಿಂದ ನೋಡಿದ. ‘ಕಿಟಕಿ ತಾವ ಬುಟ್ಕೊಡು ನಾಯ್ನಾ, ಹೊಟ್ಟೆ ತೊಳಸ್ತೈತೆ ಅಂದೆ. ಸರೇ ಅಂಟಿವಿ ಕದಾ?’ ಹಿಂದಿನ ಸೀಟಿನವನು ನಕ್ಕ. ಮುತ್ತುರಾಜು ಎದ್ದು, ಬುಟ್ಟಿ ದಾಟಿ, ಈಚೆ ಬದಿಗೆ ಕೂತ. ತಾನು ಯಾವಾಗ ಸರೇ ಅಂದೆ ಎಂದು ಕೇಳಲು ಹೋಗಲಿಲ್ಲ. ಅಂದಿರಬೇಕು. ಊರೆಲ್ಲ ಅವನು ಅಂದದ್ದನ್ನು ಕೇಳಿಸಿಕೊಂಡಿದೆ, ಅವನೊಬ್ಬನನ್ನು ಬಿಟ್ಟು.

ಅವನ ಫೋನು ಎಲ್ಲ ಕರೆಗಳನ್ನೂ ತಾನಾಗಿಯೇ ರೆಕಾರ್ಡು ಮಾಡಿಕೊಳ್ಳುತ್ತಿತ್ತು. ಅದನ್ನು ನಿಲ್ಲಿಸುವುದು ಹೇಗೆಂದು ಹುಡುಕಬೇಕು ಎಂದುಕೊಳ್ಳುತ್ತಲೇ ವರ್ಷ ಕಳೆದಿತ್ತು. ಮಿಡಿಗೇಶಿ ದಾಟಿದ ಮೇಲೆ ಇಯರ್‌ಫೋನು ಸಿಕ್ಕಿಸಿಕೊಂಡು ನೆನ್ನೆಯದನ್ನು ತೆರೆದ. ಹನ್ನೊಂದು ನಿಮಿಷ. ಅಕ್ಕನ ದನಿ ಇಷ್ಟು ತೆಳ್ಳಗಿತ್ತೇ? ಮೊದಲು ಮಂಡಿನೋವಿನ ವಿಚಾರ, ಆಮೇಲೆ ಮುದ್ದಕ್ಕನ ಕೋಳಿ ಇವಳ ಅಟ್ಟದಲ್ಲಿ ಮೊಟ್ಟೆ ಇಟ್ಟ ವಿಚಾರ, ಅದರ ನಡುವೆ ಬಿತ್ತನೆಗೆಂದು ಕಾಯಿ ಸುಲಿಯುತ್ತಿದ್ದ ಪಟ್ ಪಟ್ ಸದ್ದು. ಹೂಂ, ಹೂಂ, ಹ್ಞೂಂ. ‘ರಾತ್ರಿ ನಿಮ್ ಭಾವ ಕನಸಲ್ಲಿ ಬಂದಿದ್ರು ಕಣ್ಲಾ. ಬಾಗ್ಲಲ್ಲೇ ನಿಂತಿದ್ರು, ಒಳಕ್ಕೆ ಬರ್ನಿಲ್ಲ.’ ಹೂಂ. ಆ ಹೂಂ ಕೇಳಿ ಬಸ್ಸಿನಲ್ಲಿದ್ದ ಮುತ್ತುರಾಜುವಿನ ಮುಖ ಬಿಸಿಯಾಯಿತು. ಕೋಳಿಮೊಟ್ಟೆಗೆ ಅಂದದ್ದೇ ಅಳತೆಯ ಹೂಂ. ಏಳನೆಯ ನಿಮಿಷಕ್ಕೆ ಅಕ್ಕ ಅಂದಳು: ‘ಮಧು ವಿಷ್ಯ ಏನ್ಮಾಡಾನ? ಹೊಸಕೋಟೆಯೋರು ದಿನಾ ಹೇಳಿ ಕಳಿಸ್ತಾವ್ರೆ. ಒಪ್ಕಂಬುಡಾನ ಅಂತೀಯಾ?’ ಕಾಯಿ ಸುಲಿಯುವ ಸದ್ದು ನಿಂತಿತು. ಒಂದು, ಎರಡು, ಎರಡೂವರೆ ಸೆಕೆಂಡು. ದೂರದಲ್ಲಿ, ಅವನ ಇನ್ನೊಂದು ಕಿವಿಯಿಂದ ಸೋರಿದ ಯಾವನೋ ಅಮೆರಿಕದವನು ‘ಅಹ್ಹಹ್, ಅಹ್ಹಹ್’ ಎನ್ನುತ್ತಿದ್ದ. ಆಮೇಲೆ ಮುತ್ತುರಾಜುವಿನ ದನಿ, ಸ್ವಲ್ಪ ಇಳಿದು, ಸ್ವಲ್ಪ ಉದ್ದವಾಗಿ: ‘ಹೂಂ.’

ಮತ್ತೆ ಕೇಳಿದ. ಮತ್ತೆ. ವರ್ಷಗಟ್ಟಲೆ ಪರರ ಗಂಟಲಿಗೆ ತೀರ್ಪು ಕೊಟ್ಟವನಿಗೆ ತನ್ನದಕ್ಕೆ ಕೊಡಲಾಗಲಿಲ್ಲ. ದನಿ ಇಳಿದರೆ ನಾಲ್ಕು, ಏರಿದರೆ ಮೂರು ಎಂದು ತಾನೇ ಹೇಳಿಕೊಟ್ಟಿದ್ದ, ಇದು ಇಳಿದಿತ್ತು. ಆದರೆ ಎದುರಿಗಿನವರ ಮಾತು ಮನಸ್ಸಿಗೆ ತಾಕದಿದ್ದರೆ ಯಾವ ನಂಬರು? ಆ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಈ ಸದ್ದುಗಳೆಲ್ಲ ಎಲ್ಲಿಂದ ಬಂದವು ಎಂದು ಒಂದು ಕಾಲಕ್ಕೆ ಹುಚ್ಚು ಹಿಡಿದವನ ಹಾಗೆ ಓದಿದ್ದ. ಔಚ್ ಜರ್ಮನಿಯವರಿಂದ ಬಂದಿರಬಹುದು ಎನ್ನುತ್ತಿದ್ದರು. ವಾವ್ ಐನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನವರ ಬಾಯಲ್ಲಿತ್ತಂತೆ. ಊಪ್ಸ್ ಎಂಬುದು ಬಿದ್ದ ಕೂಸನ್ನು ಎತ್ತುವಾಗ ಆಡುತ್ತಿದ್ದ ಮುದ್ದುಮಾತಿನ ತುಂಡಿರಬೇಕೆಂದು ಒಬ್ಬರು, ಇಲ್ಲವೆಂದು ಇನ್ನೊಬ್ಬರು. ಅಹ್ಹಹ್‌ಗೆ ಮಾತ್ರ ಯಾರೂ ಊರು ಹೇಳಿರಲಿಲ್ಲ. ಬಾಯಿ ಮುಚ್ಚಿಕೊಂಡೂ ಮಾಡಬಹುದಾದ ಸದ್ದು ಎಂದು ಒಂದು ಕಡೆ ಬರೆದಿತ್ತು, ಉಣ್ಣುತ್ತಾ ಮಾಡಬಹುದು, ತೂಕಡಿಸುತ್ತಾ ಮಾಡಬಹುದು. ಅಹೆಮ್ ಎಂದರೆ ಬರೀ ಕೆಮ್ಮು, ಗಂಟಲು ಸರಿಮಾಡಿಕೊಳ್ಳುವುದನ್ನೇ ಅಕ್ಷರಕ್ಕೆ ಇಳಿಸಿದ್ದಾರೆ ಎಂದು ಗೊತ್ತಾದ ದಿನ ಅವನು ಒಂಟಿಯಾಗಿ ಕೂತು ನಾಚಿಕೊಂಡಿದ್ದ. ಕೊರಟಗೆರೆಯ ಕಾಲೇಜಿನಲ್ಲಿ, ಬಿ.ಎ. ಮೊದಲ ವರ್ಷ, ಪಾಠದ ಸಂಭಾಷಣೆಯನ್ನು ಗಟ್ಟಿಯಾಗಿ ಓದಲು ಎಬ್ಬಿಸಿದ್ದರು. ಅಹೆಮ್ ಯಾವನೋ ಮನುಷ್ಯನ ಹೆಸರೆಂದುಕೊಂಡು, ಆ ಮನುಷ್ಯನ ಮಾತನ್ನು ಬೇರೆ ದನಿಯಲ್ಲಿ, ಸ್ವಲ್ಪ ಗಡಸಾಗಿ, ಓದಿದ್ದ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು. ಮೂರು ವರ್ಷ ಅವನನ್ನು ಅಹೆಮ್ ಎಂದೇ ಕರೆದರು. ಅಂದಿನ ನಗು ಈಗಲೂ ಕೇಳಿಸುತ್ತದೆ, ನೆನ್ನೆ ಅಕ್ಕ ಹೇಳಿದ್ದು ಕೇಳಿಸುವುದಿಲ್ಲ. ಕಿವಿಗೂ ಒಂದು ನಾಚಿಕೆ ಬೇಡವೇ?

ನಿಜ ಹೇಳಿಬಿಟ್ಟರೆ ಆಯಿತಲ್ಲ. ಅಕ್ಕ, ನಾನು ಒಪ್ಪಿ ಹೂಂ ಅನ್ನಲಿಲ್ಲ, ಕೇಳಿಸಿಕೊಂಡೇ ಇರಲಿಲ್ಲ. ಇಷ್ಟೇ. ಆದರೆ ಇಷ್ಟು ಹೇಳಿದರೆ ಅವಳು ನೆನ್ನೆಯದನ್ನು ಮಾತ್ರ ಕೇಳುತ್ತಾಳೆಯೇ? ಮೊನ್ನೆಯದು? ಹೋದ ವರ್ಷದ್ದು? ಗಂಡ ಸತ್ತ ಮನೆಯಲ್ಲಿ ಕೂತು ಅವಳು ಬಿಚ್ಚಿದ ಗಂಟುಗಳನ್ನೆಲ್ಲ ತಮ್ಮ ಎತ್ತಿಟ್ಟುಕೊಂಡಿದ್ದಾನೆ ಎಂದು ನಂಬಿದವಳು. ಮಧುವನ್ನು ಬಿಡಿಸಬೇಕಾದರೆ ಅಕ್ಕನ ಎರಡು ವರ್ಷವನ್ನು ಅವಳ ಕಣ್ಣೆದುರಿಗೇ ಸುಳ್ಳು ಮಾಡಬೇಕು. ಅಕ್ಕನನ್ನು ಉಳಿಸಿಕೊಳ್ಳಬೇಕಾದರೆ ಹೂಂ ಎಂದದ್ದು ಹೌದು ಎಂದು ತಟ್ಟೆಗೆ ಕೈಯೊಡ್ಡಬೇಕು. ಪಾವಗಡದಲ್ಲಿ ಬಸ್ಸು ಬದಲಿಸಿ ನಿಡುಗಲ್ಲಿನ ದಾರಿ ಹಿಡಿದ ಮೇಲೂ, ಬೋಳು ಹೊಲಗಳ ಆಚೆ ಕೋಟೆಯ ಗುಡ್ಡ ಎದ್ದು ನಿಂತ ಮೇಲೂ, ಅವನು ಎರಡೂ ವಾಕ್ಯಗಳನ್ನು ಒಂದಾದ ಮೇಲೊಂದು ಮನಸ್ಸಿನಲ್ಲಿ ಆಡಿ ನೋಡುತ್ತಲೇ ಇದ್ದ. ಎರಡೂ ಬೇರೆ ಯಾರದೋ ದನಿಯಲ್ಲಿ, ಸ್ವಲ್ಪ ಗಡಸಾಗಿ, ಕೇಳಿಸಿದವು.

ಜಗಲಿಯಲ್ಲಿ ಕಡ್ಲೆಕಾಯಿ ಮೂಟೆಯನ್ನು ಗೋಡೆಗೆ ಸರಿಸಿ ಚಾಪೆ ಹಾಸಿತ್ತು. ನಡುಮನೆಯಲ್ಲಿ ಮಧುಶ್ರೀ ರೇಷ್ಮೆ ಸೀರೆಯುಟ್ಟು ಸೆರಗಿಗೆ ಪಿನ್ನು ಹಾಕಿಕೊಳ್ಳುತ್ತಿದ್ದಳು. ಪಿನ್ನು ಬಾಯಲ್ಲಿ ಕಚ್ಚಿಕೊಂಡೇ ಅವನನ್ನು ನೋಡಿದಳು. ಅದನ್ನು ತೆಗೆದು, ‘ಹೂಂ ಅಂದ್ಯಂತೆ ಮಾವ’ ಎಂದಳು. ಕೇಳಿದ್ದಲ್ಲ, ಹೇಳಿದ್ದು. ‘ಅದು ಮಧು, ನಾನು...’ ಅವಳು ಕಾದಳು. ಒಮ್ಮೆ ಯುಗಾದಿಗೆ ಬಂದಾಗ ತನ್ನ ಕೆಲಸದ ಪಟ್ಟಿಯನ್ನು ಇವಳಿಗೆ ಓದಿ ಹೇಳಿದ್ದ. ಇವಳು ನಕ್ಕೂ ನಕ್ಕೂ, ಇದಕ್ಕೂ ಸಂಬಳ ಕೊಡ್ತಾರಾ ಎಂದಿದ್ದಳು. ಈಗ ಅವಳು ನಗಲಿಲ್ಲ. ‘ಮೂರಾ, ನಾಕಾ?’ ಎಂದಳು. ಅಷ್ಟರಲ್ಲಿ ಒಳಗಿನಿಂದ ರಾಧಾಮಣಿ, ‘ಮುತ್ತು ಬಂದ್ನಾ? ಬಾರ್ಲಾ ಇಲ್ಲಿ’ ಎಂದು ಕೂಗಿದ್ದರಿಂದ ಅವನು ಪಾರಾದ. ಪಾರಾದೆ ಎಂದು ಅನ್ನಿಸಿದ್ದಕ್ಕೆ ಅಸಹ್ಯವಾಯಿತು. ಎರಡನೆಯ ನಂಬರು.

ಅಡುಗೆಮನೆಯಲ್ಲಿ ಅಕ್ಕ ಕೇಸರಿಬಾತಿನ ಪಾತ್ರೆ ಕೆದಕುತ್ತಿದ್ದಳು. ಎದುರೆದುರಿಗೆ ಅವಳನ್ನು ನೋಡಿ ಮೂರು ತಿಂಗಳಾಗಿತ್ತು. ಫೋನಿನಲ್ಲಿ ದಿನಾ ಇದ್ದದ್ದರಿಂದ ನೋಡಿದ ಹಾಗೆಯೇ ಇತ್ತು, ಆದರೆ ಕಿವಿಯ ಹತ್ತಿರ ಕೂದಲು ಇಷ್ಟು ಬೆಳ್ಳಗಾದದ್ದನ್ನು ಅವಳು ಫೋನಿನಲ್ಲಿ ಹೇಳಿದ್ದಳೇ? ಹೇಳಿದ್ದರೂ ಇರಬಹುದು. ‘ಅಕ್ಕಾ, ನೆನ್ನೆ ನೀನು ಮಾತಾಡ್ತಿದ್ದಾಗ...’ ‘ಅದ್ನೇ ಹೇಳ್ಬೇಕು ಅಂತಿದ್ದೆ ಕಣ್ಲಾ’ ಎಂದಳು ಅವಳು ತಿರುಗದೆ. ‘ನೀನು ಹೂಂ ಅಂದ್ಮೇಲೆ ಎಷ್ಟೋ ದಿನಕ್ಕೆ ನೆನ್ನೆ ಕಣ್ತುಂಬ ನಿದ್ದೆ ಬಂತು. ಇವ್ರಿದ್ದಿದ್ರೆ ಇವ್ರ ಮೇಲಾಕಿ ನಾನು ಸುಮ್ಕಿರ್ತಿದ್ದೆ. ಒಬ್ಳೇ ಎಷ್ಟೂಂತ ಯೋಚ್ನೆ ಮಾಡ್ಲಿ?’ ‘ಹೂಂ’ ಎಂದಿತು ಅವನ ಗಂಟಲು. ‘ಹುಡ್ಗಿ ಮೊಕ ಸಪ್ಪಗೈತೆ, ನಂಗೂ ಕಾಣ್ತೈತೆ. ಓದಾದು ಓದಾದು ಅಂತವ್ಳೆ. ಆಮ್ಯಾಕೆ ಇಂಥಾ ಮನೆ ಸಿಗ್ತೈತಾ?’ ‘ಹೂಂ.’ ಬಾಯಿ ತೆರೆದರೆ ನಿಜ ಬರಬಹುದಿತ್ತು. ತುಟಿಗಳು ತೆರೆಯಲೇ ಇಲ್ಲ. ತೆರೆಯುವ ಅಗತ್ಯವೇ ಆ ಸದ್ದಿಗಿರಲಿಲ್ಲ. ಹೊರಗೆ ಓಮ್ನಿ ಬಂದು ನಿಂತ ಸದ್ದಾಯಿತು.

ದೊಡ್ಡಹನುಮಯ್ಯನವರು ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಬಂದವರೇ ಎಲ್ಲರಿಗೂ ಕೈಮುಗಿದರು. ಹಿಂದೆ ಮೂವರು ಹೆಂಗಸರು, ತಟ್ಟೆಗಳು. ನೀರು ಕುಡಿದದ್ದಾಯಿತು, ಕೇಸರಿಬಾತು ತಿಂದದ್ದಾಯಿತು, ಸೆಕೆಯ ಬಗ್ಗೆ ಒಂದು ಸುತ್ತು ಮಾತಾಯಿತು. ಮಧುಶ್ರೀಯನ್ನು ಬಾಗಿಲ ಪಕ್ಕ ಚಾಪೆಯ ಮೇಲೆ ಕೂರಿಸಿದರು. ಮುತ್ತುರಾಜು ನೋಡುತ್ತಿದ್ದ. ಅವಳ ಬಲಗೈಯ ಬೆರಳು ಸೀರೆಯ ಅಂಚಿನ ಮೇಲೆ ಮೆಲ್ಲಗೆ, ಒಂದೇ ದಿಕ್ಕಿಗೆ, ಏನನ್ನೋ ಎಳೆಯುತ್ತಿತ್ತು. ರಕ್ತದ ಹನಿ. ಗಾಜು. ‘ಆಯ್ತಲ್ಲಪ್ಪಾ’ ಎಂದು ಯಜಮಾನರು ಎದ್ದುನಿಂತು ಎಲೆ, ಅಡಿಕೆ, ಬೆಲ್ಲ, ತೆಂಗಿನಕಾಯಿಯ ತಟ್ಟೆಯನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದರು. ‘ಸೋದರಮಾವನ ಕೈಗೆ. ಏನಪ್ಪಾ ಮುತ್ತುರಾಜಪ್ಪಾ, ಈ ಹೆಣ್ಣು ನಮ್ಮನೆಗೆ ಬರಾದು ನಿಂಗೊಪ್ಪಿಗೆ ತಾನೆ?’

ಯಜಮಾನರ ಮಾತು ಇಳಿದು ನಿಂತಿತು. ಇಲ್ಲಿ ಒಂದು ಹೂಂ ಬರಬೇಕು. ಎಲ್ಲರ ಕಿವಿಯೂ ಅದಕ್ಕೆ ಜಾಗ ಮಾಡಿಕೊಟ್ಟಿತ್ತು. ಅವನ ಗಂಟಲಿನಲ್ಲಿ ಅದು ಆಗಲೇ ಏಳುತ್ತಿತ್ತು, ಇನ್ನೇನು ಮೂಗಿಗೆ ಬರುತ್ತದೆ, ಅವನು ಬೇರೇನೂ ತೋಚದೆ ಬಾಯಿ ತೆರೆದ. ಸುಮ್ಮನೆ, ದೊಡ್ಡದಾಗಿ, ಡಾಕ್ಟರ ಮುಂದೆ ತೆರೆದ ಹಾಗೆ ತೆರೆದ. ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ತೆರೆದ ಬಾಯಲ್ಲಿ ಆ ಸದ್ದು ನಿಲ್ಲಲಾರದೆ ಹೋಯಿತು. ‘ನಾನು ಕೇಳಿಸ್ಕಂಡಿರ್ಲಿಲ್ಲ’ ಎಂದ.

‘ಏನು?’

‘ನೆನ್ನೆ ಅಕ್ಕ ಫೋನಲ್ಲಿ ಹೇಳಿದ್ದು. ಕೆಲ್ಸ ಮಾಡ್ಕಂತಾ ಹೂಂ ಅಂದೆ ಅಷ್ಟೆ. ನೆನ್ನೆ ಒಂದಿನ ಅಲ್ಲ ಯಜಮಾನ್ರೇ. ಎರಡು ವರ್ಸದಿಂದ್ಲೂ ಇಂಗೇ ಅಂತಾ ಇವ್ನಿ. ಏನು ಹೇಳಿದ್ಲೋ ನಂಗೊಂದೂ ಗೊತ್ತಿಲ್ಲ.’ ಹೇಳುವಾಗ ಅಕ್ಕನ ಕಡೆ ನೋಡಲಿಲ್ಲ, ತಟ್ಟೆಯ ತೆಂಗಿನಕಾಯಿಯ ಜುಟ್ಟನ್ನು ನೋಡುತ್ತಿದ್ದ. ದೊಡ್ಡಹನುಮಯ್ಯನವರು ಒಂದು ಕ್ಷಣ ಬೆಪ್ಪಾಗಿ, ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕರು. ‘ಅದ್ಕೇನಪ್ಪಾ ಇಷ್ಟು ಮೊಕ ಇಳಿಬುಡ್ತೀಯಾ! ನಮ್ಮ ಮುದುಕಿ ನಲವತ್ ವರ್ಸದಿಂದ ಮಾತಾಡ್ತಾನೇ ಅವ್ಳೆ, ನಾನು ಊಂ ಕೊಡ್ತಾನೇ ಇವ್ನಿ. ಒಂದಿನನಾದ್ರೂ ಕೇಳಿವ್ನಾ?’ ಹೆಂಗಸರೆಲ್ಲ ನಕ್ಕರು. ಮುತ್ತುರಾಜುವಿಗೆ ಕೊರಟಗೆರೆಯ ಕ್ಲಾಸಿನಲ್ಲಿ ನಿಂತ ಹಾಗಾಯಿತು. ನಗು ಇಳಿಯುತ್ತಿದ್ದಾಗ ಅಡುಗೆಮನೆಯ ಬಾಗಿಲಿನಿಂದ ರಾಧಾಮಣಿ ಅಂದಳು: ‘ನಂಗೊತ್ತಿತ್ತು ಕಣ್ಲಾ.’

ಅವನು ತಿರುಗಿದ. ಅವಳು ಸೌಟು ಹಿಡಿದೇ ನಿಂತಿದ್ದಳು. ‘ಸಂಕ್ರಾಂತೀಲಿ ಒಂದಿನ ಬೇಕೂಂತ್ಲೇ, ನಮ್ಮನೆ ಮಾಡು ಬಿದ್ದೋಯ್ತು ಕಣ್ಲಾ ಅಂದೆ. ಹೂಂ ಅಂದೆ ನೀನು. ಅವತ್ತೇ ಗೊತ್ತಾಯ್ತು.’ ಯಾರೂ ನಗಲಿಲ್ಲ. ‘ಗೊತ್ತಾದ್ಮೇಲೂ ಮಾಡ್ತಿದ್ದೆ. ಗೋಡೆ ತಾವ ಮಾತಾಡಿದ್ರೆ ಅದು ಹೂಂ ಅಂತೈತಾ?’ ಸೌಟನ್ನು ಎಲ್ಲಿಡಬೇಕೆಂದು ತಿಳಿಯದವಳ ಹಾಗೆ ಸುತ್ತ ನೋಡಿದಳು. ‘ಮಧು ವಿಷ್ಯಾನೂ ಅದ್ಕೇ ಆವಾಗ್ಲೇ ಎತ್ತಿದ್ದು. ನೀನು ಕಿವಿಗೊಟ್ಟು ಕೂತಿದ್ದಿದ್ರೆ ಬ್ಯಾಡ ಅಂತಿದ್ದೆ. ನಂಗೆ ಬ್ಯಾಡ ಅನ್ನಿಸ್ಕಣಾ ಶಕ್ತಿ ಇರ್ನಿಲ್ಲ ಕಣ್ಲಾ. ಒಂದು ಹೂಂ ಬೇಕಿತ್ತು. ತಕ್ಕಂಡೆ.’

ತಟ್ಟೆ ಇನ್ನೂ ನಡುವೆ ಚಾಚಿಕೊಂಡೇ ಇತ್ತು. ಮುತ್ತುರಾಜುವಿಗೆ ತಾನು ಯಾರ ಮೇಲೆ ಸಿಟ್ಟಾಗಬೇಕೋ, ಯಾರ ಕಾಲು ಹಿಡಿಯಬೇಕೋ ಗೊತ್ತಾಗಲಿಲ್ಲ. ತಪ್ಪು ತನ್ನದೆಂದು ಬಸ್ಸಿನುದ್ದಕ್ಕೂ ಹೊತ್ತುಕೊಂಡು ಬಂದಿದ್ದ; ಅದರ ಒಂದು ತುದಿಯನ್ನು ಅಕ್ಕ ಹಿಡಿದುಕೊಂಡ ಮೇಲೆ ಅದು ಹಗುರಾಗುವ ಬದಲು ಇನ್ನಷ್ಟು ಭಾರವಾಗಿತ್ತು. ಸಂಕ್ರಾಂತಿಯಿಂದ ಇಲ್ಲಿಯವರೆಗೆ ಐದು ತಿಂಗಳು. ಐದು ತಿಂಗಳು, ಕೇಳದವನೆಂದು ಗೊತ್ತಿದ್ದೂ, ಒಂದೂವರೆಗೆ ಸರಿಯಾಗಿ. ‘ಯಜಮಾನ್ರೇ, ತಟ್ಟೆ ಕೆಳಗಿಡಿ’ ಎಂದ. ‘ಬ್ಯಾಡ ಅಂತ್ಲೂ ನಾನು ಹೇಳಾಕಿಲ್ಲ. ನಾನು ಇನ್ನೊಂದು ಮಾತು ಕೇಳಿಲ್ಲ, ಅದು ಕೇಳ್ಬೇಕು.’ ದೊಡ್ಡಹನುಮಯ್ಯನವರು ಅವನನ್ನೂ, ಬಾಗಿಲಲ್ಲಿದ್ದ ರಾಧಾಮಣಿಯನ್ನೂ, ಕೊನೆಗೆ ಚಾಪೆಯ ಮೇಲಿದ್ದ ಹುಡುಗಿಯನ್ನೂ ನೋಡಿದರು. ಅವರ ಕೈ ನೋಯುತ್ತಿದ್ದಿರಬೇಕು. ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಟವೆಲಿನಿಂದ ಮುಖ ಒರೆಸಿದರು. ‘ಹೇಳವ್ವಾ’ ಎಂದರು, ಮೆಲ್ಲಗೆ.

ಮಧುಶ್ರೀ ಮೊದಲು ಅವರ ಕಡೆ ನೋಡಲಿಲ್ಲ, ಅಮ್ಮನ ಕಡೆಯೂ ನೋಡಲಿಲ್ಲ. ಸೀರೆಯ ಅಂಚಿನ ಮೇಲಿನ ಬೆರಳು ನಿಂತಿತು. ‘ನಂಗೆ ಇನ್ನೊಂದು ವರ್ಸ ಐತೆ ಮಾವ’ ಎಂದಳು. ಅಷ್ಟು ಹೇಳಿ ನಿಲ್ಲಿಸಿದಳು, ಎಲ್ಲರೂ ನಿಲ್ಲಿಸುವ ಹಾಗೆ, ಎದುರಿನವರು ಒಂದು ಸದ್ದು ಮಾಡಿ ದಾರಿ ಬಿಡಲಿ ಎಂದು. ಮುತ್ತುರಾಜು ಬಾಯಿ ತೆರೆದುಕೊಂಡೇ ಕೂತಿದ್ದ. ಒಂದು ಸೆಕೆಂಡು, ಎರಡು, ಎರಡೂವರೆ. ಜಗಲಿಯ ಮೂಟೆಯಿಂದ ಒಂದು ಕಾಯಿ ಉರುಳಿತು. ಅವನು ಹೂಂ ಅನ್ನಲಿಲ್ಲ. ಅವಳು ತಲೆಯೆತ್ತಿ, ಇವನು ಇದ್ದಾನೋ ಇಲ್ಲವೋ ಎಂದು ಅವನ ಮುಖದಲ್ಲಿ ಹುಡುಕಿದಳು. ಆಮೇಲೆ ಮುಂದುವರಿಸಿದಳು.